ಚನ್ನವ್ವನ ಕಸುವು

ಆಪರೇಷನ್ ಆಗಿ ಮೂರು ತಿಂಗಳು ಕಳೆದಿದ್ದರೂ ಚನ್ನವ್ವ ರೊಟ್ಟಿ ಬಡಿಯಲು ಕೂತಿರಲಿಲ್ಲ. ಆ ಮನೆಯ ಜಗಳಗಳೆಲ್ಲ ಬೆಳಗಾಗೆದ್ದು ಅಲ್ಲಿಂದಲೇ ಶುರುವಾಗುತ್ತಿದ್ದವು.

ಮುಂಬಯಿಯ ಬೈಕುಲ್ಲಾದ ಹಳೆಯ ಚಾಳೊಂದರ ಮೇಲಿನ ಮಾಳಿಗೆಯಲ್ಲಿ ಒಂದೂವರೆ ಖೋಲಿ ಅವರದು. ಕೆಳಗೆ ಸಗಟು ಕಾಯಿಪಲ್ಯದ ಪೇಟೆ. ಅಲ್ಲಿ ಹಮಾಲಿ ಮಾಡುವ ವಿಜಾಪುರದ ಕಡೆಯ ಗಂಡಸರಿಗೆ ಹೊತ್ತೇರುವುದರೊಳಗೆ ಜೋಳದ ರೊಟ್ಟಿಯ ಗಂಟು ಮುಟ್ಟಬೇಕಿತ್ತು. ಮದುವೆಯಾಗಿ ಮುಂಬಯಿಗೆ ಬಂದಾಗಿನಿಂದ ಆ ರೊಟ್ಟಿಗಳನ್ನು ಚನ್ನವ್ವ ಒಬ್ಬಳೇ ಬಡಿದಿದ್ದಳು. ಈಗ ಅವಳ ಅತ್ತೆ ರಾಚವ್ವ, ಎಪ್ಪತ್ತರ ಹತ್ತಿರದ ಮುದುಕಿ, ಹಿಟ್ಟು ನಾದುವ ಕೊಣಮಿಗೆಯ ಮುಂದೆ ಕೂತು ಬಡಿಯುತ್ತಿದ್ದಳು. ಚನ್ನವ್ವನ ಮಗಳು ಸೇವಂತಿ ಒಂದು ಕಣ್ಣು ಹಂಚಿನ ಮೇಲೆ, ಇನ್ನೊಂದು ಗಡಿಯಾರದ ಮೇಲೆ ಇಟ್ಟು ಬೇಯಿಸುತ್ತಿದ್ದಳು.

“ಆಯಿ, ಜಲ್ದಿ. ನಂದು ಲೋಕಲ್ ತಪ್ಪತೈತಿ. ದಾದರದಾಗ ಬದಲಿ ಮಾಡಬೇಕು. ಜೋಗೇಶ್ವರಿ ಏನ್ ಇಲ್ಲೇ ಬಾಜೂಕ ಐತೇನು?” ಎಂದು ಅಜ್ಜಿಯನ್ನು ಅವಸರಪಡಿಸಿದಳು.

“ಹೋಗವಾ, ಹೋಗು. ನಾನ ಬಡೀತೀನಿ, ನಾನ ಬೇಯಸ್ತೀನಿ, ನಾನ ಹೊತಗೊಂಡು ಇಳೀತೀನಿ. ಮನ್ಯಾಗ ಇನ್ನ ಯಾರದಾರ? ಒಬ್ಬಾಕಿ ಇದ್ದಾಕಿ ಗಾದಿ ಮ್ಯಾಲ ರಾಣಿ ಆಗ್ಯಾಳ.”

ಗಾದಿಯ ಮೇಲಿದ್ದ ಚನ್ನವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮಾತು ಕೇಳಿಸಿತ್ತು. ಎದ್ದು ಉತ್ತರ ಕೊಡಬೇಕೆನ್ನಿಸಿದರೂ ಏಳುವುದೇ ದೊಡ್ಡ ಕೆಲಸವಾಗಿ ಕಂಡಿತು. ಕೈ ಊರಿ ಕೂರಬೇಕು, ಕಾಲು ಕೆಳಗೆ ಬಿಡಬೇಕು, ಕಣ್ಣಿಗೆ ಕತ್ತಲೆ ಬಂದದ್ದು ಹೋಗುವವರೆಗೆ ಕಾಯಬೇಕು. ಅಷ್ಟಾಗುವುದರೊಳಗೆ ಆಡಬೇಕಾದ ಮಾತು ಮರೆತೇ ಹೋಗುತ್ತಿತ್ತು.

“ಅತ್ತೀ, ಇನ್ನ ನಾಕ ದಿನ ತಡೀರಿ,” ಅಂದಳು ಗೋಡೆಗೇ. “ಕೈಯಾಗ ಕಸುವಿಲ್ಲ.”

“ಅರ್ಧ ಮೈ ಇಳದೈತಿ. ಹಗುರ ಆದಾಕಿಗೆ ಇನ್ನೂ ಜಿಗದಾಡೂವಷ್ಟು ಕಸುವು ಬರಬೇಕು. ಹೋದದ್ದೆಲ್ಲಿ?”

ರಾಚವ್ವ ಸಿಟ್ಟನ್ನೆಲ್ಲ ಹಿಟ್ಟಿನ ಮೇಲೆ ತೀರಿಸಿದಳು. ರೇಷನ್‌ನಲ್ಲಿ ಬಂದ ಕೆಂಪು ಜೋಳದ ಹಿಟ್ಟು ಅದು, ಜಿಗುಟಿಲ್ಲ. ರೊಟ್ಟಿ ನಡುವೆ ಹರಿಯಿತು.

ಸೇವಂತಿ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಓಡಿದಳು. ಅರ್ಧ ಕಟ್ಟಿದ ಜಡೆಯನ್ನು ಮೆಟ್ಟಿಲ ಮೇಲೆಯೇ ಹೆಣೆದುಕೊಂಡಳು.

ಚನ್ನವ್ವ ಮೊದಲಿನಿಂದ ದಪ್ಪಗಿದ್ದವಳಲ್ಲ. ಸೇವಂತಿ ಹುಟ್ಟಿದ ಮೇಲೆ ಮೈ ಬಂತು, ಆಮೇಲೆ ನಿಲ್ಲಲಿಲ್ಲ. ನಲವತ್ತು ದಾಟುವ ಹೊತ್ತಿಗೆ ಮೊಣಕಾಲು ಹೋದವು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಎರಡು ವರ್ಷ ಮೆಟ್ಟಿಲು ಇಳಿಯಲಿಲ್ಲ. ಕಡೆಗೊಂದು ದಿನ ಉಸಿರು ಸಿಗದಂತಾದಾಗ ಚಾಳಿನ ಗಂಡಸರು ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಹಗ್ಗದಿಂದ ಕಟ್ಟಿ, ನಿಲ್ಲಿಸಿ ನಿಲ್ಲಿಸಿ ಕೆಳಗಿಳಿಸಿದರು. ಪ್ರತಿ ಮಾಳಿಗೆಯಲ್ಲೂ ಜನ ಬಾಗಿಲಿಗೆ ಬಂದು ನೋಡಿದರು. ಮಕ್ಕಳು ನಕ್ಕವು. ಚನ್ನವ್ವ ಸೆರಗನ್ನು ಮುಖಕ್ಕೆ ಎಳೆದುಕೊಂಡಿದ್ದಳು. ಉಸಿರು ಕಟ್ಟಿದ್ದಕ್ಕಿಂತ ಆ ಇಳಿಕೆ ಅವಳಿಗೆ ಹೆಚ್ಚು ನೋವು ಕೊಟ್ಟಿತ್ತು.

ದೊಡ್ಡ ಆಸ್ಪತ್ರೆಯಲ್ಲಿ ಪರದೇಶದಲ್ಲಿ ಕಲಿತು ಬಂದ ಒಬ್ಬ ಸರ್ಜನ್ ಇದ್ದರು. ಅವರು ಚನ್ನವ್ವನ ಗಂಡ ಸಿದ್ದರಾಮಪ್ಪನನ್ನು ಕೂರಿಸಿ ಮರಾಠಿಯಲ್ಲಿ ತಿಳಿಸಿ ಹೇಳಿದರು. ಹೊಟ್ಟೆಯಲ್ಲಿ ಕರುಳು ಬಹಳ ಉದ್ದ ಇರುತ್ತದೆ. ಅದರ ಮೊದಲ ತುಣುಕನ್ನು ಕಡೆಯ ತುಣುಕಿಗೆ ಜೋಡಿಸಿದರೆ ನಡುವಿನದು ಸುಮ್ಮನೆ ಬಿದ್ದಿರುತ್ತದೆ. ಉಂಡದ್ದು ಅಡ್ಡದಾರಿಯಲ್ಲಿ ಹೋಗಿಬಿಡುತ್ತದೆ, ಮೈಗೆ ಹತ್ತುವುದಿಲ್ಲ. ಆದರೆ ಹೊಟ್ಟೆ ಪದೇ ಪದೇ ಸಡಿಲಾಗುತ್ತದೆ. ಅದಕ್ಕೆ ಹೆದರಿ ಊಟ ಬಿಡಬಾರದು, ಹಾಲು, ಬೇಳೆ, ಬಾಳೆಹಣ್ಣು, ಎಳನೀರು ತಪ್ಪಿಸಬಾರದು ಎಂದೂ ಹೇಳಿದರು. ಸಿದ್ದರಾಮಪ್ಪ ಪೇಟೆಯಲ್ಲಿ ಉಳ್ಳಾಗಡ್ಡಿ ವ್ಯಾಪಾರಿಯೊಬ್ಬರ ಹತ್ತಿರ ಗುಮಾಸ್ತ. ತಲೆ ಆಡಿಸಿದ, ಸಹಿ ಹಾಕಿದ. ಊಟದ ಮಾತನ್ನು ಮನೆಯಲ್ಲಿ ಒಮ್ಮೆ ಹೇಳಿದ; ಮತ್ತೆ ಕೇಳಲಿಲ್ಲ.

ರಾಚವ್ವ ಮಾತ್ರ ಒಪ್ಪಿರಲಿಲ್ಲ. “ಛಲೋ ಇದ್ದ ಕರಳಿಗೆ ಕತ್ತರಿ ಹಾಕಸ್ತೀಯಲ್ಲೊ ಸಿದ್ರಾಮಾ,” ಎಂದು ಬಾಯಿ ಬಡಿದುಕೊಂಡಿದ್ದಳು.

ಮೈ ಇಳಿಯಿತು, ಅದೂ ಭರದಿಂದ ಇಳಿಯಿತು. ನೋಡಲು ಜನ ಬಂದರು. ಬಾಜೂ ಖೋಲಿಯ ಇಂದ್ರಾಬಾಯಿ ಗಲ್ಲದ ಮೇಲೆ ಕೈಯಿಟ್ಟು, “ಏ ಚನ್ನಕ್ಕಾ, ಖರೇನ ನೀನ ಏನ? ಕನ್ಯಾ ಆಗೀದಿ ನೋಡು!” ಅಂದಳು. ಸಿದ್ದರಾಮಪ್ಪ ದಾದರಕ್ಕೆ ಹೋಗಿ ಹಸಿರು ಸೀರೆ ತಂದ. ಇಪ್ಪತ್ತು ವರ್ಷ ಮೀರಿದ ಸಂಸಾರದಲ್ಲಿ ಅವನು ತಾನಾಗಿ ಸೀರೆ ತಂದದ್ದು ಅದೇ ಮೊದಲು.

“ವಡಾಲದಾಗ ನಮ್ಮ ಸಾಹುಕಾರ್ರ ಮಗಳ ಲಗ್ನ ಐತಿ,” ಅಂದ. “ಉಟಗೊಂಡು ಬಾ. ಎಲ್ಲಾರೂ ನೋಡಲಿ.”

“ನನಗ ಅಷ್ಟೊತ್ತು ಕುಂದ್ರಾಕ ಆಗೂದಿಲ್ಲರೀ.”

“ಟ್ಯಾಕ್ಸಿ ಮಾಡತೀನಿ. ಬರೇ ಬಂದು ಕುಂದರೂದು, ಅದರಾಗ ಏನು ಕಷ್ಟ?”

ಚನ್ನವ್ವ ಹೋದಳು. ಹಿಂದಿನ ದಿನದಿಂದ ಅನ್ನ ಮುಟ್ಟಿರಲಿಲ್ಲ. ಹಾಗೆಂದು ಯಾರಿಗೂ ಹೇಳಲಿಲ್ಲ. ಮಂಟಪದಲ್ಲಿ ಹೆಂಗಸರು ಅವಳ ತೋಳು ಮುಟ್ಟಿ ನೋಡಿದರು. ಊಟಕ್ಕೆ ಎಬ್ಬಿಸಿದಾಗ ಒಲ್ಲೆನೆಂದಳು. “ನೋಡ್ರಿ, ಬಾಯಿ ಎಷ್ಟು ಕಟ್ಟ್ಯಾಳ,” ಎಂದು ಅದನ್ನೂ ಹೊಗಳಿದರು. ಅಕ್ಷತೆ ಹಾಕಲು ಎಲ್ಲರೂ ಎದ್ದು ನಿಂತಾಗ ಅವಳು ಕೂತಲ್ಲಿಂದಲೇ ಎಸೆದಳು. ಅದು ವಧುವರರನ್ನು ಮುಟ್ಟಲಿಲ್ಲ, ಮುಂದಿನವರ ಬೆನ್ನಿಗೆ ಬಿತ್ತು. ಸಿದ್ದರಾಮಪ್ಪ ದೂರದಿಂದ ನೋಡುತ್ತಿದ್ದ. ಬರುವಾಗ ಟ್ಯಾಕ್ಸಿಯಲ್ಲಿ, “ಒಂದ ಘಳಿಗಿ ಎದ್ದು ನಿಂತಿದ್ರ ಏನಾಗತಿತ್ತು? ಮೊದಲ ಮೈ ಇತ್ತು, ನೆಪ ಇತ್ತು. ಈಗೇನೈತಿ?” ಅಂದ.

ಚನ್ನವ್ವ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು. ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ.

ಚಾಳಿನಲ್ಲಿ ಪ್ರತಿ ಮಾಳಿಗೆಗೂ ಗ್ಯಾಲರಿಯ ಕೊನೆಗೆ ನಾಲ್ಕು ಸಂಡಾಸು. ಇವರ ಮಾಳಿಗೆಯಲ್ಲಿ ಒಂದರ ಬಾಗಿಲು ಮುರಿದು ಬಿದ್ದಿತ್ತು. ಒಳಗೆ ಯಾರೋ ಹಳೆಯ ಡಬ್ಬಿ, ಮುರಿದ ಮಲಗುವ ಕಾಟು ತುಂಬಿದ್ದರು. ಉಳಿದ ಮೂರಕ್ಕೆ ಇಡೀ ಮಾಳಿಗೆ ಬೆಳಗಾದರೆ ಡಬ್ಬಿ ಹಿಡಿದು ಸಾಲು ನಿಲ್ಲುತ್ತಿತ್ತು. ಚನ್ನವ್ವ ಸಾಲು ಕರಗಿದ ಮೇಲೆ ಹೋಗುತ್ತಿದ್ದಳು. ಮನೆಯಲ್ಲಿ ತಾಟಿಗೆ ನೀಡಿದ್ದರಲ್ಲಿ ಎರಡು ತುತ್ತು ತಿಂದು, “ಆಮ್ಯಾಲ ಉಣ್ತೀನಿ,” ಎಂದು ಮುಚ್ಚಿಡುತ್ತಿದ್ದಳು. ಅತ್ತೆ ಮಧ್ಯಾಹ್ನ ಅಡ್ಡಾದಾಗ ರೊಟ್ಟಿ ಬುಟ್ಟಿಗೆ ವಾಪಸು ಹೋಗುತ್ತಿತ್ತು, ಹಾಲು ಇಂದ್ರಾಬಾಯಿಯ ಮೊಮ್ಮಗನಿಗೆ ಹೋಗುತ್ತಿತ್ತು.

ಮಾರ್ಚ್ ಬಂತು. ಸೆಕೆ ಏರಿತು, ನಳದ ನೀರು ಅರ್ಧ ತಾಸಿಗೆ ಇಳಿಯಿತು. ಸೇವಂತಿ ಒಂದು ಸಂಜೆ ಕೆಲಸದಿಂದ ಬಂದವಳೇ ಚೀಲ ಬಿಸಾಕಿದಳು. ಅವಳು ಜೋಗೇಶ್ವರಿಯ ಒಂದು ಗುಳಿಗೆ ಕಾರಖಾನೆಯಲ್ಲಿ ಪ್ಯಾಕಿಂಗಿಗೆ ಸೇರಿ ವರ್ಷವೂ ಆಗಿರಲಿಲ್ಲ.

“ಆಖರಿ ವಾರ್ನಿಂಗ್ ಅಂತ. ಇನ್ನ ಒಂದ ಲೇಟ್ ಮಾರ್ಕ್ ಬಿದ್ರ ಮನೀಗೆ ಹೋಗು ಅಂದ ಸೂಪರ್‌ವೈಜರ್.”

“ಹೋದ್ರ ಹೋಗಲಿ ಬಿಡು,” ಅಂದಳು ರಾಚವ್ವ, ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ. “ಮದಿವಿ ಆಗೂ ಹುಡಿಗಿ. ಮನ್ಯಾಗ ಇದ್ದು ಅಡಗಿ ಕಲಿ.”

“ಯಾಕ್ ಬಿಡ್ಲಿ ಆಯಿ? ಮೇರೀ ನೌಕರಿ ಹೈ. ನನ್ನ ಪಗಾರದಾಗ ಈ ಸ್ಟೋ ಬಂತು, ಈ ಫ್ಯಾನ್ ಬಂತು. ಅವ್ವನ್ನ ಎಬಿಸು, ಅವ್ವ ಬಡೀಲಿ.”

“ಎಬಿಸಿದ್ರ ಏಳಬೇಕಲ್ಲ!” ಅಂದಳು ರಾಚವ್ವ. “ಹಗಲೆಲ್ಲ ನಿದ್ದಿ. ನಿನ್ನೆ ಒಂದು ಸೀರಿ ಹಿಂಡಂದ್ರ ಅಲ್ಲೇ ಮೋರಿ ಕಟ್ಟೀಗೆ ಕುಂತು ಬಿಟ್ಲು.”

“ಸಿದ್ರಾಮಾ, ನೀನರ ಹೇಳೊ,” ಎಂದು ಮುದುಕಿ ಮಗನ ಕಡೆ ತಿರುಗಿದಳು.

ಸಿದ್ದರಾಮಪ್ಪ ತಾಟಿನ ಮೇಲಿಂದ ತಲೆ ಎತ್ತಲಿಲ್ಲ. “ಡಾಕ್ಟರು ಎಲ್ಲಾ ಛಲೋ ಆಗೇತಿ ಅಂದಾರ. ಮನಸು ಮಾಡಬೇಕು ಅಷ್ಟ.”

ಚನ್ನವ್ವ ಗಾದಿಯ ಮೇಲೆ ಎದ್ದು ಕೂತಿದ್ದಳು. ಸಡಿಲಾದ ಕುಪ್ಪಸದ ತೋಳು ಮೊಣಕೈವರೆಗೆ ಜೋತಿತ್ತು. “ಆತು,” ಅಂದಳು. “ನಾಳಿಂದ ನಾ ಬಡೀತೀನಿ. ಸೇವಂತೀ, ನೀ ಹೊತ್ತಿಗೆ ಹೋಗು. ಯಾರೂ ಇನ್ನ ನನ್ನ ಹೆಸರ ಎತ್ತಬ್ಯಾಡ್ರಿ.”

ಮರುದಿನ ಬೆಳಿಗ್ಗೆ ಅವಳು ನಿಜವಾಗಿಯೂ ಕೂತಳು. ಹಿಟ್ಟು ನಾದಿದಳು. ಮೊದಲ ರೊಟ್ಟಿ ಬಡಿದದ್ದು ನೋಡಿ ರಾಚವ್ವನಿಗೆ ಹೊಟ್ಟೆಕಿಚ್ಚಾಯಿತು. ಅಂಚು ಅಷ್ಟು ದುಂಡಗೆ ಅವಳಿಗೆಂದೂ ಬಂದಿರಲಿಲ್ಲ. ಎರಡನೆಯದಕ್ಕೆ ಚನ್ನವ್ವನ ಹಣೆಯಿಂದ ಬೆವರು ಹಿಟ್ಟಿಗೆ ಇಳಿಯಿತು. ಮೂರನೆಯದಕ್ಕೆ ಕೈ ಎತ್ತಿದವಳು ಬಡಿಯಲಿಲ್ಲ. ಅಂಗೈ ಹಿಟ್ಟಿನ ಮೇಲೆ ಹಾಗೇ ನಿಂತಿತು.

“ಏನಾತಬೇ?”

“ಬಂದ್ನಿ, ತಡೀರಿ,” ಎಂದು ಎದ್ದು ಗೋಡೆ ಹಿಡಿದುಕೊಂಡು ಗ್ಯಾಲರಿಗೆ ನಡೆದಳು. ಡಬ್ಬಿ ಕೈಯಲ್ಲಿತ್ತು. ಸಾಲು ಪೂರಾ ತುಂಬಿದ ಹೊತ್ತು. ಗಂಡಸರು ಹೆಂಗಸರು ಬೀಡಿ ಸೇದುತ್ತ, ಹಲ್ಲುಜ್ಜುತ್ತ ನಿಂತಿದ್ದರು. ಚನ್ನವ್ವ ಸಾಲಿನ ಬಾಲಕ್ಕೆ ಹೋಗಿ ನಿಂತಳು, ಗ್ಯಾಲರಿಯ ಅಂಚಿನ ಕಠಡಾದ ಸರಳು ಹಿಡಿದಳು, ಆಮೇಲೆ ಹಿಡಿತ ಬಿಟ್ಟು ನೆಲಕ್ಕೆ ಕುಸಿದಳು. ಡಬ್ಬಿ ಉರುಳಿ ನೀರು ಎಲ್ಲರ ಕಾಲಡಿಗೆ ಹರಿಯಿತು.

ಈ ಸಲ ಕುರ್ಚಿ ಬೇಕಾಗಲಿಲ್ಲ. ಸಿದ್ದರಾಮಪ್ಪನೊಬ್ಬನೇ ಅವಳನ್ನು ಎತ್ತಿಕೊಂಡು ಮೆಟ್ಟಿಲಿಳಿದ. ಅಷ್ಟು ಹಗುರಾಗಿದ್ದಾಳೆಂದು ಅವನಿಗೆ ಅಂದೇ ತಿಳಿದದ್ದು. ಕೆಳಗೆ ಟ್ಯಾಕ್ಸಿ ಹಿಡಿದು ಆಸ್ಪತ್ರೆಗೆ ಒಯ್ದ.

ಸರ್ಜನ್ ರಕ್ತ ತೆಗೆಸಿ ನೋಡಿದರು. ಮೈಯಲ್ಲಿ ಉಪ್ಪಿನ ಅಂಶ ತೀರ ಇಳಿದಿದೆ, ಇನ್ನೆರಡು ದಿನ ತಡವಾಗಿದ್ದರೆ ಎದೆಯ ಬಡಿತ ನಿಲ್ಲುತ್ತಿತ್ತು ಅಂದರು.

“ಏನು ಉಣ್ಣುತ್ತಾರೆ ಮನೆಯಲ್ಲಿ?”

“ಎಲ್ಲಾ ಉಣ್ತಾಳ್ರೀ,” ಅಂದ ಸಿದ್ದರಾಮಪ್ಪ. ಆಮೇಲೆ ತಾಯಿಯ ಮುಖ ನೋಡಿದ. ರಾಚವ್ವ ಸೊಸೆಯ ಮುಖ ನೋಡಿದಳು. ಸೊಸೆ ಕಣ್ಣು ಮುಚ್ಚಿಕೊಂಡಿದ್ದಳು.

ನಾಲ್ಕೈದು ದಿನ ಬಾಟಲಿ ಏರಿಸಿದರು. ಆಮೇಲೆ ಬಾಯಿಯಿಂದ ಕೊಡಿರಿ ಎಂದರು. ಬೆಳಗಿನ ಪಾಳಿ ರಾಚವ್ವನದು. ಅವಳು ಮನೆಯಿಂದ ಬೇಳೆಯ ಕಟ್ಟು, ಮೆತ್ತಗೆ ಮಾಡಿದ ನುಚ್ಚು, ಬಾಳೆಹಣ್ಣು ತರುತ್ತಿದ್ದಳು. ಚನ್ನವ್ವ ಅದಿಷ್ಟನ್ನೂ ಉಂಡಳು. ಆಸ್ಪತ್ರೆಯ ಹಾಲನ್ನೂ ಕುಡಿದಳು. ಬಾಜೂ ಹಾಸಿಗೆಯ ಗುಜರಾತಿ ಮುದುಕಿ ಕೊಟ್ಟ ಒಣ ರೊಟ್ಟಿಯಂಥ ಖಾಖರಾ ಕೂಡ ಮುರಿದು ಬಾಯಿಗೆ ಹಾಕಿಕೊಂಡಳು. ರಾಚವ್ವ ಎರಡು ದಿನ ನೋಡಿದಳು. ಮೂರನೆಯ ದಿನ ತಡೆಯಲಾಗಲಿಲ್ಲ.

“ಯಾಕಬೇ ಚನ್ನೀ, ಈ ನುಚ್ಚು ನಾನ ಮಾಡಿದ್ದು. ಮನ್ಯಾಗೂ ಇದನ್ನ ಮಾಡತಿದ್ನಿ. ಅಲ್ಲಿ ನನ್ನ ಕೈ ಅಡಗಿ ಗಂಟಲಾಗ ಇಳೀತಿದ್ದಿಲ್ಲ, ಇಲ್ಲಿ ಇಳೀತೈತೇನು? ನನ್ನ ಮ್ಯಾಲಿನ ಸಿಟ್ಟಿಗೆ ಉಪಾಸ ಬಿದ್ದು ನನ್ನ ತಲೀಗೆ ಹತ್ಯಾ ಕಟ್ಟಬೇಕಂತ ಮಾಡಿದ್ಯಾ?”

“ನಿಮ್ಮ ಅಡಗೀದಲ್ಲ ಅತ್ತೀ.”

“ಮತ್ತೇನು? ಹೇಳು, ಮಂದಿ ಕೇಳಲಿ!”

“ಸಣ್ಣಕ ಮಾತಾಡ್ರಿ.” ಚನ್ನವ್ವ ಬಟ್ಟಲು ಕೆಳಗಿಟ್ಟಳು. ಅಷ್ಟರಲ್ಲಿ ಅವಳ ಮುಖ ಬಿಗಿಯಿತು. ಹಾಸಿಗೆಯಿಂದ ಕಾಲಿಳಿಸಿ, ಅವಸರ ಅವಸರವಾಗಿ, ಎದುರಿಗೇ ಇದ್ದ ಬಾಗಿಲು ತಳ್ಳಿಕೊಂಡು ಒಳಗೆ ಹೋದಳು. ವಾರ್ಡಿನ ಸಂಡಾಸು ಹಾಸಿಗೆಯಿಂದ ಮಾರು ದೂರವೂ ಇರಲಿಲ್ಲ. ತಿರುಗಿ ಬಂದು ಕೂತಳು, ಕೈ ಒರೆಸಿಕೊಂಡಳು, ಬಟ್ಟಲು ಎತ್ತಿಕೊಂಡು ಉಳಿದ ನುಚ್ಚು ಉಣ್ಣತೊಡಗಿದಳು.

ರಾಚವ್ವ ಆ ಬಾಗಿಲು ನೋಡಿದಳು, ಸೊಸೆಯನ್ನು ನೋಡಿದಳು.

“ತಿಂದ್ರ ಓಡಬೇಕಾಗತೈತಿ,” ಅಂದಳು ಚನ್ನವ್ವ ಬಟ್ಟಲಿನಲ್ಲೇ ಕಣ್ಣಿಟ್ಟು. “ಒಮ್ಮೆ ಅಲ್ಲ, ಎಂಟ ಸಲ, ಹತ್ತ ಸಲ. ಅಲ್ಲಿ ಆ ಲೈನಿನ್ಯಾಗ ಹೆಂಗ ನಿಂದರ್ಲಿ? ಒಂದ್ಸಲ ತಡೀಲಿಕ್ಕೆ ಆಗದ ಸೀರೀನ... ನೀವು ಪುರಾಣ ಕೇಳಾಕ ಹೋಗಿದ್ರಿ. ನಾನ ಒಕ್ಕೊಂಡು ಒಣಾಕಿದ್ನಿ. ಆವತ್ತಿಂದ ಉಣ್ಣೂದ ಬಿಟ್ಟೆ. ಉಣದಿದ್ರ ಹೋಗೂದ ಇಲ್ಲಲ್ಲ.”

“ನನಗ ಹೇಳಬಾರದಿತ್ತೇನು?”

“ಏನಂತ ಹೇಳೂದು? ಮೊದಲ ಕುರ್ಚಿಗೆ ಕಟ್ಟಿ ಇಳಿಸಿದಾಗ ನಕ್ಕಾರ. ಈಗ ಇದಕ್ಕೂ ಮಂದಿ ನಗಬೇಕೇನು?”

ರಾಚವ್ವ ಬಾಳೆಹಣ್ಣಿನ ಸಿಪ್ಪೆ ಸುಲಿದು ಸೊಸೆಯ ಕೈಗಿಟ್ಟಳು. ಹದಿನೆಂಟರ ಹುಡುಗಿ ಸೊಸೆಯಾಗಿ ಬಂದಾಗಿನಿಂದ ಎಂದೂ ಹೀಗೆ ಸುಲಿದು ಕೊಟ್ಟದ್ದು ಅತ್ತೆಗೆ ನೆನಪಿರಲಿಲ್ಲ.

ಅದೇ ದಿನ ಸರ್ಜನ್ ಸುತ್ತು ಬಂದಾಗ ಇನ್ನೊಂದು ಮಾತು ಹೇಳಿ ಹೋದರು. ಮಳೆಗಾಲದವರೆಗೆ ನೋಡೋಣ. ಸರಿಯಾಗಿ ಉಂಡೂ ನಿಶ್ಶಕ್ತಿ ಹೀಗೇ ಉಳಿದರೆ ಮತ್ತೆ ಹೊಟ್ಟೆ ತೆರೆದು ಕರುಳನ್ನು ಮೊದಲಿನಂತೆ ಜೋಡಿಸಬಹುದು. ಮೈ ಮಾತ್ರ ವಾಪಸು ಬರುತ್ತದೆ.

ರಾಚವ್ವ ಮನೆಗೆ ಬಂದು ಚಪ್ಪಲಿ ಕೂಡ ಬಿಡಲಿಲ್ಲ. ಸಂಜೆಯ ನಳ ಬಂದಿತ್ತು. ಮಾಳಿಗೆಯ ಹೆಂಗಸರೆಲ್ಲ ಕೊಡ ಹಿಡಿದು ಗ್ಯಾಲರಿಯಲ್ಲಿದ್ದರು. ಗಂಡಸರು ಕೆಲಸದಿಂದ ಬಂದು ಬಾಗಿಲಲ್ಲಿ ಕೂತಿದ್ದರು. ಅವಳು ನಳದ ಮುಂದೆ ನಿಂತಳು.

“ಕೇಳ್ರೆಪ್ಪ ಎಲ್ಲಾರೂ. ನನ್ನ ಸೊಸೀಗೆ ಕರಳ ಸಣ್ಣದ ಮಾಡ್ಯಾರ. ಉಂಡದ್ದು ನಿಂದರೂದಿಲ್ಲ. ಹತ್ತ ಸಲ ಸಂಡಾಸಿಗೆ ಹೋಗಬೇಕಾಗತೈತಿ. ನಿಮ್ಮ ಲೈನಿಗೆ ಅಂಜಿ ಅಕಿ ಅನ್ನ ಬಿಟ್ಟು ಸಾಯಾಕತ್ತಿದ್ಲು. ಆ ಮುರಕಾ ಸಂಡಾಸ ಇನ್ನ ಮುಂದ ಅಕೀದು.”

ಮೊದಲು ಬಾಯಿ ತೆರೆದವನು ಸಾಯಬಣ್ಣ. ಗಿರಣಿಯಿಂದ ನಿವೃತ್ತನಾದವನು, ಮಾಳಿಗೆಯ ಹಿರಿಯ.

“ಹಂಗ ಹೆಂಗಾಗತೈತಿ ರಾಚಕ್ಕಾ? ಚಾಳಂದ ಮ್ಯಾಲ ಎಲ್ಲಾರಿಗೂ ಸಮ. ಇವತ್ತು ನೀ ಕೀಲಿ ಹಾಕತಿ, ನಾಳೆ ಇನ್ನೊಬ್ಬಾಂವ ಹಾಕತಾನ.”

“ಆ ಸಂಡಾಸಿನ್ಯಾಗ ನಿಂದ ಕಾಟು ಐತಿ ಸಾಯಬಣ್ಣ. ಮೂರ ವರ್ಷ ಆತು. ನಿನ್ನ ಕಾಟು ಸಮ, ನನ್ನ ಸೊಸಿ ಸಮ ಅಲ್ಲೇನು?”

ಯಾರೋ ನಕ್ಕರು. ಸಾಯಬಣ್ಣನ ಮುಖ ಕೆಂಪಾಯಿತು. “ನಮ್ಮ ಮನ್ಯಾಗೂ ಬಸುರಿ ಅದಾಳವ್ವಾ,” ಎಂದಳು ಇಂದ್ರಾಬಾಯಿ ಮೆಲ್ಲಗೆ. “ಬೆಳಿಗ್ಗೆ ಅಕೀಗೂ ಆಗೂದಿಲ್ಲ.”

“ಅಕೀನೂ ಹೋಗಲಿ! ಬಸುರಿ, ಬಾಣಂತಿ, ಜಡ್ಡಿನವರು. ಕೈಕಾಲು ಗಟ್ಟಿ ಇದ್ದವರು ಹೋಗಬ್ಯಾಡ್ರಿ. ಇಷ್ಟ ನಾ ಕೇಳೂದು.”

ಮಾತು ಬೆಳೆಯಿತು. ಬಾಡಿಗೆ ಮಾಲಕನನ್ನು ಕೇಳಬೇಕೆಂದರು, ಕೇಳಿದರೆ ಅವನು ಉತ್ತರ ಕೊಡುವುದು ಮುಂದಿನ ವರ್ಷ ಎಂದರು. ಸಿದ್ದರಾಮಪ್ಪ ಆಗಷ್ಟೇ ಮೆಟ್ಟಿಲೇರಿ ಬಂದು ಎಲ್ಲ ಕೇಳಿಸಿಕೊಂಡು ನಿಂತಿದ್ದ. ಅವನ ಕಿವಿ ಬಿಸಿಯಾಗಿದ್ದವು. ತಾಯಿಯನ್ನು ಒಳಗೆ ಎಳೆದುಕೊಂಡು ಹೋಗಬೇಕೆನ್ನಿಸಿತು. ಹಾಗೆ ಮಾಡಲಿಲ್ಲ. ಅಂಗಿಯ ತೋಳು ಮಡಚಿ ಗ್ಯಾಲರಿಯ ಕೊನೆಗೆ ಹೋಗಿ ಒಳಗಿನ ಡಬ್ಬಿಗಳನ್ನು ಹೊರಗೆಳೆಯತೊಡಗಿದ. ಸ್ವಲ್ಪ ಹೊತ್ತಿಗೆ ಸಾಯಬಣ್ಣ ಗೊಣಗುತ್ತಲೇ ಬಂದು ತನ್ನ ಕಾಟಿನ ಇನ್ನೊಂದು ಕಡೆ ಹಿಡಿದ. ಭಾನುವಾರ ಸಿದ್ದರಾಮಪ್ಪ ಪೇಟೆಯಿಂದ ಕಾಯಿಪಲ್ಯ ತುಂಬುವ ಖೋಕೆಯ ಹಲಗೆ ತಂದು ಮೊಳೆ ಹೊಡೆದು ಬಾಗಿಲು ಮಾಡಿದ. ಗುಮಾಸ್ತನ ಕೈ, ಬಾಗಿಲು ಸೊಟ್ಟಗೆ ಕೂತಿತು, ಆದರೆ ಚಿಲಕ ಬಿದ್ದಿತು.

ಚನ್ನವ್ವ ಮನೆಗೆ ಬಂದದ್ದು ಅದಾದ ಎರಡು ದಿನಕ್ಕೆ. ಬಾಗಿಲಲ್ಲೇ ಇಂದ್ರಾಬಾಯಿ ಸಿಕ್ಕಳು. “ಇನ್ನ ನಿನಗ ಸಂಡಾಸಿನ ಕಾಳಜಿ ಇಲ್ಲ ಚನ್ನಕ್ಕಾ. ನಿಮ್ಮತ್ತಿ ಎಲ್ಲಾರ ಮುಂದ ನಿಂತು ಜಗಳಾಡಿ ಬರೋಬ್ಬರಿ ಮಾಡ್ಯಾಳ.”

ಚನ್ನವ್ವ ಒಳಗೆ ಬಂದು ಕದ ಹಾಕಿದಳು.

“ನನ್ನ ಹೊಟ್ಟಿ ಸುದ್ದಿ ನಳದ ಮುಂದ ಡಂಗುರ ಸಾರೀರೇನು?”

“ಸಾರೀನಿ,” ಅಂದಳು ರಾಚವ್ವ. “ಸತ್ತ ಮ್ಯಾಲ ಹೊರಾಕ ಅವರನ್ನ ಕರೀಬೇಕಾಗಿತ್ತು. ಈಗ ಕರದೆ.”

“ನಿಮಗ ಹೇಳಿದ್ದು ನಂದ ತಪ್ಪು.”

“ಅವ್ವಾ, ಆಯಿ ಏನ್ ಗಲತ್ ಮಾಡ್ಯಾಳ?” ಸೇವಂತಿ ನಡುವೆ ಬಂದಳು. “ನೀ ಹಂಗ ಮುಚ್ಚಿಟಗೊಂಡಿದ್ರ ಚಲೋ ಇತ್ತೇನು? ಸತ್ತಿದ್ರ?”

“ನೀ ಸುಮ್ಮನಿರು. ಇನ್ನ ನಾ ಗ್ಯಾಲರಿಗೆ ಯಾವ ಮುಖ ಇಟಗೊಂಡು ಹೋಗಲಿ?”

ಆ ದಿನ ಅವಳು ಉಣ್ಣಲಿಲ್ಲ. ರಾಚವ್ವನೂ ಉಣ್ಣಲಿಲ್ಲ. ಮುಚ್ಚಿಟ್ಟ ಎರಡು ತಾಟುಗಳ ನಡುವೆ ಅತ್ತೆ ಸೊಸೆ ಒಬ್ಬರಿಗೊಬ್ಬರು ಬೆನ್ನು ಮಾಡಿ ಕೂತರು. ಸಿದ್ದರಾಮಪ್ಪ ಒಂದು ತಾಟನ್ನು ಹೆಂಡತಿಯ ಕಡೆ ಸರಿಸಿದ, ಇನ್ನೊಂದನ್ನು ತಾಯಿಯ ಕಡೆ. ಇಬ್ಬರೂ ಹಿಂದಕ್ಕೆ ಸರಿಸಿದರು.

ಮರುದಿನ ಬೆಳಿಗ್ಗೆ ಆಸ್ಪತ್ರೆಯ ಔಷಧಿಯನ್ನು ಹಾಲಿನಲ್ಲಿ ಕುಡಿಯಲೇಬೇಕಾಗಿತ್ತು. ಕುಡಿದ ಕೂಡಲೇ ಹೊಟ್ಟೆ ಕರೆಯಿತು. ಹೊರಗೆ ಸಾಲು ತುಂಬಿತ್ತು. ಚನ್ನವ್ವ ಹೊಸ್ತಿಲಲ್ಲಿ ನಿಂತಳು, ಹಿಂದೆ ಸರಿದಳು, ಮತ್ತೆ ನಿಂತಳು. ಕಡೆಗೆ ಸೆರಗು ತಲೆಯ ಮೇಲೆಳೆದುಕೊಂಡು ಹೊರಬಿದ್ದಳು. ಇಂದ್ರಾಬಾಯಿ ಮುಂದಿದ್ದವಳನ್ನು ಮೊಣಕೈಯಿಂದ ಸರಿಸಿದಳು. ಒಬ್ಬ ಗಂಡಸು ಹಲ್ಲುಜ್ಜುವುದನ್ನು ನಿಲ್ಲಿಸದೆ ಪಕ್ಕಕ್ಕಾದ. ಸಾಯಬಣ್ಣ ಕೆಳಗಿನ ಪೇಟೆಯಲ್ಲಿ ಏನೋ ಬಿದ್ದಿದೆಯೆಂಬಂತೆ ಕಠಡಾದ ಮೇಲೆ ಬಗ್ಗಿ ನೋಡತೊಡಗಿದ. ಯಾರೂ ನಗಲಿಲ್ಲ. ನಗುವಷ್ಟು ಬಿಡುವು ಯಾರಿಗೂ ಇರಲಿಲ್ಲ. ಎಲ್ಲರಿಗೂ ಅವರವರ ಅವಸರ.

ಚನ್ನವ್ವ ತಿರುಗಿ ಬಂದು, ಖೋಲಿಯ ಮೂಲೆಯ ಬಚ್ಚಲು ಮೋರಿಯಲ್ಲಿ ಕೈಕಾಲು ತೊಳೆದು, ಗೋಡೆಗೆ ಆತು ಕೂತಳು.

“ಅತ್ತೀ,” ಅಂದಳು ಕಡೆಗೆ. “ನುಚ್ಚು ಐತೇನು?”

“ಐತಿ. ನಿನ್ನೀದು. ತಂಗಳ.”

“ಹಾಕ್ರಿ. ನೀವೂ ಹಾಕೊಳ್ರಿ.”

ಜೂನ್ ಬಂತು, ಮಳೆ ಹಿಡಿಯಿತು. ಕಸುವು ಮಾತ್ರ ಬೇಗ ಬರಲಿಲ್ಲ. ಅದು ಯಾರೂ ಎಣಿಸಿದಂತೆ ಬರಲಿಲ್ಲ. ಒಂದು ದಿನ ಚನ್ನವ್ವ ಹತ್ತು ರೊಟ್ಟಿ ಬಡಿದರೆ ಮರುದಿನ ಬಾಚಣಿಗೆ ಎತ್ತಲೂ ಆಗುತ್ತಿರಲಿಲ್ಲ. ಹತ್ತು ಬಡಿದ ದಿನ ಮನೆಯವರು ಹಿಗ್ಗುತ್ತಿದ್ದರು. ಮರುದಿನ ಅವಳು ಮಲಗಿದರೆ ಮುಖ ನೋಡಿಕೊಳ್ಳುತ್ತಿದ್ದರು. “ನಿನ್ನೆ ಆಗಿದ್ದು ಇವತ್ತ್ಯಾಕ ಆಗೂದಿಲ್ಲ?” ಎಂದು ಸಿದ್ದರಾಮಪ್ಪ ಕೇಳುತ್ತಿದ್ದ. “ಮಲಗಿದ್ಯಾ? ಮತ್ತ ಏನರ ಆತೇನು?” ಎಂದು ರಾಚವ್ವ ಘಳಿಗೆಗೊಮ್ಮೆ ಹಣೆ ಮುಟ್ಟುತ್ತಿದ್ದಳು. ಮೊದಲಿನ ಬೈಗುಳವೇ ವಾಸಿ ಎನ್ನಿಸುವಂತಿತ್ತು ಆ ಕಾಳಜಿ. ರೊಟ್ಟಿಯ ಗಿರಾಕಿಗಳನ್ನು ಅರ್ಧಕ್ಕೆ ಇಳಿಸಿದರು. ಸೇವಂತಿ ಹೊತ್ತಿಗೆ ಸರಿಯಾಗಿ ಲೋಕಲ್ ಹಿಡಿಯುತ್ತಿದ್ದಳು.

ಸರ್ಜನ್ ಹೇಳಿದ ದಿನ ನಾಲ್ವರೂ ಆಸ್ಪತ್ರೆಗೆ ಹೋದರು. ಅವರು ತೂಕ ನೋಡಿದರು, ನಾಡಿ ನೋಡಿದರು, ರಕ್ತದ ಕಾಗದ ನೋಡಿದರು.

“ಊಟ?”

“ಉಣ್ತೀನ್ರಿ.”

“ದಣಿವು?”

“ಐತ್ರಿ. ಮೊದಲಿನಷ್ಟಿಲ್ಲ. ಆದ್ರ ಐತಿ.”

“ಇನ್ನೂ ಒಂದು ವರ್ಷ ಇರಬಹುದು. ಕೆಲವರಿಗೆ ಪೂರ್ತಿ ಹೋಗುವುದೇ ಇಲ್ಲ.” ಸರ್ಜನ್ ಪೆನ್ನು ಕೆಳಗಿಟ್ಟರು. “ನೀವು ಬೇಕೆಂದರೆ ಮತ್ತೆ ಜೋಡಿಸುತ್ತೇನೆ. ಏನಂತೀರಿ?”

“ಬ್ಯಾಡ್ರಿ, ಈಗ ಛಲೋ ಆಗ್ಯಾಳ,” ಅಂದ ಸಿದ್ದರಾಮಪ್ಪ.

“ಜೋಡಿಸಿ ಬಿಡ್ರಿ ಸರ್, ಮೈ ಬಂದ್ರ ಬರಲಿ,” ಅಂದಳು ಸೇವಂತಿ.

“ಇನ್ನೊಮ್ಮೆ ಕತ್ತರಿ ಹಾಕಿದ್ರ ನಾ ಇಲ್ಲೇ ಜೀವಾ ಬಿಡ್ತೀನಿ,” ಅಂದಳು ರಾಚವ್ವ.

ಮೂರು ಮಾತೂ ಒಮ್ಮೆಲೇ ಬಂದವು. ಸರ್ಜನ್ ಕೈ ಎತ್ತಿದರು. “ನಾನು ಇವರನ್ನು ಕೇಳಿದೆ.”

ಚನ್ನವ್ವ ಸ್ಟೂಲಿನ ಮೇಲೆ ಸರಿದು ಕೂತಳು. ಇಷ್ಟು ದಿನ ಈ ಹೊಟ್ಟೆಯ ಬಗ್ಗೆ ಎಲ್ಲರೂ ಮಾತಾಡಿದ್ದರು. ಅವಳನ್ನು ಕೇಳಿದವರು ಇವರೊಬ್ಬರೇ.

“ಈಗ ಬ್ಯಾಡ್ರಿ ಸಾಹೇಬ್ರ. ಉಸಿರು ಹಗುರ ಐತಿ. ಮೆಟ್ಟಲಾ ಇಳೀತೀನಿ. ಅದನ್ನ ವಾಪಸ ಕೊಡಾಕ ಮನಸಿಲ್ಲ. ದಣಿವು ಇದ್ರ ಇರಲಿ, ದಣದಾಗ ಕುಂದ್ರತೀನಿ. ಆದ್ರ ಇವರಿಗೆ ನೀವು ಒಂದ ಮಾತು ಹೇಳಬೇಕ್ರಿ. ನಾ ಹೇಳಿದ್ರ ಕೇಳೂದಿಲ್ಲ.”

“ಏನು ಹೇಳಲಿ?”

“ನಾ ಕುಂತಾಗ ಯಾಕ ಕುಂತಿ ಅಂತ ಕೇಳಬಾರದು. ಮಲಗಿದಾಗ ಏನಾತು ಅಂತ ಕೇಳಬಾರದು. ಎದ್ದು ಕೆಲಸಾ ಮಾಡಿದ್ರ ಆರಾಮ ಆತು ಅಂತ ಹಿಗ್ಗಬಾರದು. ಇಷ್ಟ ಹೇಳ್ರಿ.”

ಸರ್ಜನ್ ಕನ್ನಡಕದ ಮೇಲಿಂದ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದರು. “ಕೇಳಿಸಿತಲ್ಲ?” ಅಂದರು. ಸಿದ್ದರಾಮಪ್ಪ ಟೊಪ್ಪಿಗೆ ಸರಿಪಡಿಸಿಕೊಂಡ. ಸೇವಂತಿ ನೆಲ ನೋಡಿದಳು.

ಹೊರಗೆ ಮಳೆ ನಿಂತಿತ್ತು. ಬಸ್ಸಿನ ನಿಲುಗಡೆ ರಸ್ತೆಯ ಆಚೆ, ಕೂಗಿದರೆ ಕೇಳುವಷ್ಟು ಹತ್ತಿರ. ಆಸ್ಪತ್ರೆಯ ದೊಡ್ಡ ಮೆಟ್ಟಿಲುಗಳನ್ನು ಇಳಿಯುತ್ತ ನಡುವಿಗೆ ಬಂದಾಗ ಚನ್ನವ್ವನ ಕಾಲು ಸೋತವು. ಒದ್ದೆ ಕಲ್ಲಿನ ಮೇಲೆಯೇ ಸೀರೆ ಮುದುರಿಕೊಂಡು ಕೂತಳು. ಬರುವವರು ಹೋಗುವವರು ಅವಳನ್ನು ಸುತ್ತಿ ನಡೆದರು. ಬಸ್ಸು ಬಂತು. ಸಿದ್ದರಾಮಪ್ಪ ಬಸ್ಸನ್ನು ನೋಡಿದ, ಹೆಂಡತಿಯನ್ನು ನೋಡಿದ, ಗಂಟಲು ಸರಿಪಡಿಸಿಕೊಂಡ. ಸೇವಂತಿ ಅಪ್ಪನ ತೋಳು ಒತ್ತಿದಳು. ಬಸ್ಸು ಹೋಯಿತು.

ರಾಚವ್ವ ಸೊಸೆಯ ಪಕ್ಕದಲ್ಲಿ ಮೆಲ್ಲಗೆ ಮೊಣಕಾಲು ಮಡಚಿ ಕೂತಳು. ಅವಳ ತುಟಿ ಒಮ್ಮೆ ಅಲುಗಿತು. ಬಾಯಿಗೆ ಸೆರಗು ಹಿಡಿದುಕೊಂಡು ರಸ್ತೆಯ ಕಡೆ ನೋಡುತ್ತ ಕೂತಳು.

ಯಾರೂ ಕೇಳಲಿಲ್ಲ.